ಲೋಡ್ ಹಾಕಿ ನೋಡಿದ್ಯಾ?

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಒಂದು ಪೇಪರ್ ಆಗಿತ್ತು, ಹತ್ತನೇ ಕ್ಲಾಸಿಗೆ ಮುಗಿದುಹೋಯ್ತು. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ಸರಿ ಮಾಡ್ಕೋಬೇಕು. ಆದ್ರೆ ಇದನ್ನ ಇಂಗ್ಲಿಷಲ್ಲಿ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ. ಈ ವಿಷಯ ನಾನು ಕಲಿತದ್ದೇ ಕನ್ನಡದಲ್ಲಿ, ಅದೂ ಕ್ಲಾಸ್‌ರೂಮಿನ ಹೊರಗೆ.

ನಾನು ಹೇಳೋದು ಇಷ್ಟೇ. ನಮ್ಮ ಲ್ಯಾಬ್‌ಗಳಲ್ಲಿ ನಾವು ಸರಿ ಇರುವ ಸರ್ಕ್ಯೂಟನ್ನ ಮಾತ್ರ ಕಟ್ತೀವಿ. ಔಟ್‌ಪುಟ್ ಬರುತ್ತೆ, ರೀಡಿಂಗ್ ಬರೀತೀವಿ, ಸೈನ್ ಹಾಕಿಸ್ಕೊಳ್ತೀವಿ. ಬರದೇ ಇದ್ರೆ ಪಕ್ಕದ ಬ್ಯಾಚಿನ ರೀಡಿಂಗ್ ಇರುತ್ತೆ. ಕೆಟ್ಟು ನಿಂತಿರೋ ಒಂದು ವಸ್ತುವನ್ನ ಎದುರಿಗಿಟ್ಟು, "ಇದು ಯಾಕೆ ಕೆಟ್ಟಿದೆ ಹೇಳು" ಅಂತ ಎರಡು ವರ್ಷದಲ್ಲಿ ನನ್ನನ್ನ ಯಾರೂ ಕೇಳಿಲ್ಲ. ಇದು ಸಣ್ಣ ಕೊರತೆ ಅಂತ ನಾನೂ ಅಂದುಕೊಂಡಿದ್ದೆ. ಈ ಜನವರಿ ರಜೆಯಲ್ಲಿ ನನಗಿಂತ ವಯಸ್ಸಾದ ಒಂದು ಕಂಪ್ಯೂಟರ್ ಆ ಭ್ರಮೆ ಬಿಡಿಸ್ತು.

ನಮ್ಮೂರು ಉಬ್ರಾಣಿ. ಚನ್ನಗಿರಿ ತಾಲ್ಲೂಕು, ಅಡಿಕೆ ಸೀಮೆ. ಅಲ್ಲಿ ನನ್ನ ದೊಡ್ಡಪ್ಪ 2002ರಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟಿದ್ರು. ಅದೇ ಕಾಲಕ್ಕೆ ಭೂಮಿ ಯೋಜನೆ ಬಂದು, ತಾಲ್ಲೂಕು ಆಫೀಸಿನಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಶುರುವಾಗಿತ್ತು. "ಇನ್ಮೇಲೆ ಎಲ್ಲಾ ಕಂಪ್ಯೂಟರೇ" ಅನ್ನೋ ಮಾತು ಊರಲ್ಲೂ ಬಂದಿತ್ತು. ದೊಡ್ಡಪ್ಪ ಸಾಲ ಮಾಡಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ತಂದ್ರು. ವಿಂಡೋಸ್ 98, ಒಂದು ಪ್ರಿಂಟರ್, ಒಂದು ಕನ್ನಡ ಡಿಟಿಪಿ ಸಾಫ್ಟ್‌ವೇರ್. ಮದುವೆ ಕರೆಯೋಲೆ, ಜಾತ್ರೆ ಕರಪತ್ರ, ಪಂಚಾಯ್ತಿಗೆ ಅರ್ಜಿ, ಶ್ರದ್ಧಾಂಜಲಿ ಚೀಟಿ, ಎಲ್ಲಾ ಅದರಲ್ಲೇ. 2011ರ ಹೊತ್ತಿಗೆ ಅಂಗಡಿ ಮುಚ್ಚಿ ತೋಟಕ್ಕೆ ವಾಪಸ್ ಹೋದ್ರು. ಕಂಪ್ಯೂಟರ್ ಅಟ್ಟ ಸೇರ್ತು.

ಅದನ್ನ ಈಗ ಇಳಿಸಿದ್ದು ಹುಚ್ಚಿಗಲ್ಲ. ನಮ್ಮ ಅಜ್ಜಿಗೆ ಸೋಬಾನೆ ಪದ ಬಾಯಲ್ಲೇ ಬರ್ತಿದ್ವು. ಅಂಗಡಿಯಲ್ಲಿ ಕೆಲಸ ಇಲ್ಲದ ಮಳೆಗಾಲದ ಮಧ್ಯಾಹ್ನಗಳಲ್ಲಿ ದೊಡ್ಡಪ್ಪ ಅಜ್ಜಿಯನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಅವರು ಹೇಳಿದ ಹಾಗೇ ಟೈಪ್ ಮಾಡಿದ್ರು. ಅರವತ್ತು ಪುಟದ ಮೇಲೆ. ಅಜ್ಜಿ ಹೋಗಿ ಆರು ವರ್ಷ ಆಯ್ತು. ಪ್ರಿಂಟ್ ತೆಗೆದಿಟ್ಟಿದ್ದ ಕಟ್ಟನ್ನ ಗೆದ್ದಲು ತಿಂದಿದೆ. ಉಳಿದದ್ದು ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದೇ.

"ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕೋ, ಡಬ್ಬ ಬಿಸಾಕು" ಅಂತ ನೀವು ಹೇಳ್ತೀರ. ನನ್ನ ರೂಮ್‌ಮೇಟೂ ಅದನ್ನೇ ಹೇಳಿದ, ಅಡಾಪ್ಟರನ್ನೂ ಅವನೇ ಕೊಟ್ಟ. ನಾನು ಮೊದಲು ಮಾಡಿದ್ದೂ ಅದೇ. ಅದೃಷ್ಟಕ್ಕೆ ಡಿಸ್ಕ್ ತಿರುಗ್ತು, ಎಲ್ಲಾ ಫೈಲ್ ಕಾಪಿ ಆಯ್ತು. ಆದ್ರೆ ಓಪನ್ ಮಾಡಿದ್ರೆ ಕಸ. ಆ ಸಾಫ್ಟ್‌ವೇರ್ ತನ್ನದೇ ಫಾರ್ಮ್ಯಾಟಲ್ಲಿ ಸೇವ್ ಮಾಡ್ತಿತ್ತು. ಅದು ಯೂನಿಕೋಡ್ ಅಲ್ಲ. ವಿಂಡೋಸಿನೊಳಗೇ ಕನ್ನಡ ಯೂನಿಕೋಡ್ ಬಂದಿದ್ದು ಎಕ್ಸ್‌ಪಿ ಕಾಲಕ್ಕೆ, ತುಂಗಾ ಫಾಂಟ್ ಜೊತೆ. ಅದಕ್ಕೂ ಮುಂಚೆ ಒಂದೊಂದು ಕನ್ನಡ ಸಾಫ್ಟ್‌ವೇರಿಗೂ ಒಂದೊಂದು ಅಕ್ಷರ ಕೋಷ್ಟಕ. ಸಾಲದ್ದಕ್ಕೆ ಈ ಸಾಫ್ಟ್‌ವೇರಿಗೆ ಹಾರ್ಡ್‌ವೇರ್ ಲಾಕ್ ಬೇರೆ: ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಬೆರಳುದ್ದದ ಒಂದು ಡಬ್ಬಿ ಸಿಕ್ಕಿಸಿದ್ರೆ ಮಾತ್ರ ಅದು ಓಪನ್ ಆಗೋದು. ನಿಮ್ಮ ಲ್ಯಾಪ್‌ಟಾಪಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ಆ ಪದಗಳನ್ನ ಓದಬೇಕು ಅಂದ್ರೆ ಆ ಡಬ್ಬಾನೇ ಎದ್ದು ನಿಲ್ಲಬೇಕು.

ಅದು ಏಳಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಬಟನ್ ಒತ್ತಿದೆ. ಫ್ಯಾನ್ ತಿರುಗ್ತು, ಹಸಿರು ಲೈಟ್ ಬಂತು, ಪರದೆ ಕಪ್ಪು. ಬೀಪ್ ಕೂಡ ಇಲ್ಲ. ನಾವೆಲ್ಲ ಮಾಡೋ ಹಾಗೆ ರ‍್ಯಾಮ್ ಕಿತ್ತು ರಬ್ಬರಿನಲ್ಲಿ ಉಜ್ಜಿ ಹಾಕಿದೆ. ಆಗಲಿಲ್ಲ. ಬೇಜಾರಾಗಿ ತೋಟಕ್ಕೆ ಹೋದೆ. ಮಧ್ಯಾಹ್ನ ಎರಡಕ್ಕೆ ಬಂದು ಸುಮ್ನೆ ಒತ್ತಿದ್ರೆ ಆನ್ ಆಯ್ತು! ರಬ್ಬರಿನ ಮಹಿಮೆ ಅಂತ ಬೀಗಿದೆ. ಹತ್ತು ನಿಮಿಷಕ್ಕೆ ಹ್ಯಾಂಗ್. ಮರುದಿನ ಬೆಳಿಗ್ಗೆ ಮತ್ತೆ ಕಪ್ಪು.

ಇಲ್ಲಿ ಒಂದು ಸುಳಿವು ಇತ್ತು. ನನಗೆ ಕಾಣಲಿಲ್ಲ. ನಿಮಗೆ ಕಂಡ್ರೆ ನೀವು ನನಗಿಂತ ವಾಸಿ.

ನಾನು ಮಾಡಿದ್ದೇನು? ಮಲ್ಟಿಮೀಟರ್ ಹಿಡಿದೆ. ಎಸ್‌ಎಂಪಿಎಸ್ ಕನೆಕ್ಟರ್ ಕಿತ್ತು, ಹಸಿರು ವೈರನ್ನ ಕಪ್ಪು ವೈರಿಗೆ ಒಂದು ತಂತಿ ತುಂಡಿನಿಂದ ಸೇರಿಸಿದೆ. ಎಟಿಎಕ್ಸ್ ಸಪ್ಲೈ ಹೀಗೆ ಮದರ್‌ಬೋರ್ಡ್ ಇಲ್ಲದೇನೇ ಆನ್ ಆಗುತ್ತೆ, ಇದು ಎಲ್ಲರಿಗೂ ಗೊತ್ತು. ರೀಡಿಂಗ್ ತಗೊಂಡೆ: ಕೆಂಪು 5.02, ಹಳದಿ 12.1, ಕಿತ್ತಳೆ 3.31. ನಿಯಮದ ಪ್ರಕಾರ ಐದು ಪರ್ಸೆಂಟ್ ಆಚೀಚೆ ಇರಬಹುದು, ಅಂದ್ರೆ 5 ವೋಲ್ಟ್ ಲೈನು 4.75ರಿಂದ 5.25ರ ಒಳಗೆ. ನನ್ನದು ಪರ್ಫೆಕ್ಟ್. ನೋಟ್‌ಬುಕ್ಕಲ್ಲಿ "ಎಸ್‌ಎಂಪಿಎಸ್ ಓಕೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಂದ್ಮೇಲೆ ಹೋಗಿರೋದು ಮದರ್‌ಬೋರ್ಡ್. ಹಳೇ ಬೋರ್ಡ್ ಮಾರೋ ಒಬ್ಬರನ್ನ ಆನ್‌ಲೈನಲ್ಲಿ ಹುಡುಕಿದೆ, 2,500 ರೂಪಾಯಿ ಅಂದ್ರು. ದೊಡ್ಡಪ್ಪನ ಹತ್ರ ದುಡ್ಡು ಕೇಳಿದೆ.

ದೊಡ್ಡಪ್ಪ ಎಲೆ ಅಡಿಕೆ ಹಾಕ್ಕೊಂಡು ನಿಧಾನಕ್ಕೆ ಹೇಳಿದ್ರು: "ದುಡ್ಡು ಕೊಡಾನ ಬಿಡಪ್ಪ. ಅದಕ್ಕೂ ಮುಂಚೆ ಚನ್ನಗಿರೀಲಿ ಸಾಬ್ರಿಗೆ ಒಂದ್ಸಲ ತೋರ್ಸು."

ಸಾಬ್ರು ಅಂದ್ರೆ ಹಳೇ ರೇಡಿಯೋ ಮೆಕ್ಯಾನಿಕ್. ಈಗ ಮಿಕ್ಸಿ, ಪಂಪ್‌ಸೆಟ್ ಸ್ಟಾರ್ಟರ್, ಎಲ್‌ಇಡಿ ಬಲ್ಬ್ ರಿಪೇರಿ. ಅಂಗಡಿ ಅಂದ್ರೆ ಒಂದು ಬಾಗಿಲಿನಷ್ಟು ಅಗಲ. ನಾನು ನನ್ನ ರೀಡಿಂಗ್ ಎಲ್ಲಾ ಒಪ್ಪಿಸಿದೆ. ಅವರು ಡಬ್ಬ ಮುಟ್ಟಲೇ ಇಲ್ಲ. "ಯಾವಾಗ ಆಗಲ್ಲ, ಯಾವಾಗ ಆಗುತ್ತೆ?" ಅಂದ್ರು. ಹೇಳಿದೆ. "ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ ಆಗುತ್ತೆ ಅಂದ್ಮೇಲೆ ಬೋರ್ಡ್ ಸತ್ತಿಲ್ಲ ತಮ್ಮಾ. ಒಳಗೆ ಯಾವುದಕ್ಕೋ ಚಳಿ ಆಗ್ತೈತೆ" ಅಂದ್ರು. ಆಮೇಲೆ ಆ ಪ್ರಶ್ನೆ: "ವೋಲ್ಟೇಜ್ ನೋಡ್ದೆ ಅಂದ್ಯಲ್ಲ, ಲೋಡ್ ಹಾಕಿ ನೋಡಿದ್ಯಾ?"

ನಾನು ಸುಮ್ಮನಾದೆ. ಥೆವೆನಿನ್ ಥಿಯರಮ್ಮಿಗೆ ಇಂಟರ್ನಲ್ಸಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡವನು ನಾನು. ಒಳಗಿನ ರೆಸಿಸ್ಟೆನ್ಸ್ ಇರೋ ಯಾವ ಸೋರ್ಸೇ ಆಗಲಿ, ಲೋಡ್ ಇಲ್ಲದಾಗ ಚೆನ್ನಾಗೇ ಕಾಣುತ್ತೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸ್ತೀನಿ ಬೇಕಿದ್ರೆ. ಆದ್ರೆ ನನ್ನ ಕೈಯಲ್ಲಿ ಮೀಟರ್ ಇದ್ದಾಗ ಅದು ನೆನಪಿಗೇ ಬರಲಿಲ್ಲ. ಯಾಕಂದ್ರೆ ಅದು ನನ್ನ ತಲೆಯಲ್ಲಿ ಪ್ರಾಬ್ಲಮ್ ಸಾಲ್ವ್ ಮಾಡೋ ವಿಷಯವಾಗಿತ್ತು, ಎದುರಿಗಿರೋ ಡಬ್ಬದ ವಿಷಯ ಆಗಿರಲಿಲ್ಲ.

"ಈಗ ಬೇಡ, ಬಿಸಿಲೇರಿದೆ, ಈಗ ಇದು ಸುಳ್ಳು ಹೇಳುತ್ತೆ. ನಾಳೆ ಬೆಳಿಗ್ಗೆ ತಗೊಂಡು ಬಾ" ಅಂತ ಕಳಿಸಿದ್ರು. ದೋಷ ಯಾವಾಗ ಕಾಣುತ್ತೋ ಆವಾಗಲೇ ಹಿಡೀಬೇಕು ಅನ್ನೋದು ಎರಡನೇ ಪಾಠ. ಮರುದಿನ ಮಂಜಿನಲ್ಲಿ ಬೈಕಿನ ಮೇಲೆ ಎಸ್‌ಎಂಪಿಎಸ್ ಒಂದನ್ನೇ ತಗೊಂಡು ಹೋದೆ. ಸಾಬ್ರು ಮೊದಲು ಅದನ್ನ ಸೀರೀಸ್ ಬೋರ್ಡಿಗೆ ಹಾಕಿದ್ರು. ಕರೆಂಟ್ ದಾರಿಯಲ್ಲಿ ಒಂದು 100 ವ್ಯಾಟ್ ಬಲ್ಬ್, ಆಮೇಲೆ ಕೆಟ್ಟ ಸಾಮಾನು. ಒಳಗೆ ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿಯುತ್ತೆ, ಸಾಮಾನು ಉಳಿಯುತ್ತೆ. ಶಾರ್ಟ್ ಇಲ್ಲದಿದ್ರೆ ಒಂದ್ಸಲ ಮಿಂಚಿ ಮಂಕಾಗುತ್ತೆ, ಆ ಮಿಂಚು ಒಳಗಿನ ದೊಡ್ಡ ಕೆಪಾಸಿಟರ್ ಚಾರ್ಜ್ ಆಗಿದ್ದು. ನಮ್ಮದು ಮಿಂಚಿ ಮಂಕಾಯ್ತು. ಅಂದ್ರೆ ಮುಂದಿನ ಭಾಗ, ಮೇನ್ಸ್ ಕಡೆ, ಸರಿ ಇದೆ. ಮೂವತ್ತು ರೂಪಾಯಿಯ ಬಲ್ಬ್ ಒಂದು ಸೆಕೆಂಡಿನಲ್ಲಿ ಅರ್ಧ ಅನುಮಾನ ಕಳೀತು.

ಆಮೇಲೆ ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, 5 ವೋಲ್ಟ್ ಲೈನಿಗೆ ಬೈಕಿನ ಬ್ರೇಕ್ ಲೈಟ್ ಬಲ್ಬ್ ಮೂರು ಸೇರಿಸಿದ್ರು. ಹೆಚ್ಚುಕಡಿಮೆ ಮೂರು ಆಂಪಿಯರ್ ಲೋಡ್. ನನ್ನ ಮೀಟರ್, ನನ್ನ ಅದೇ ಕೆಂಪು ವೈರ್: 4.5. ಬೂದು ಬಣ್ಣದ ವೈರಿನಲ್ಲಿ ಪವರ್ ಗುಡ್ ಸಿಗ್ನಲ್ ಇರುತ್ತೆ, ಒಳಗಿನ ವೋಲ್ಟೇಜ್ ಎಲ್ಲಾ ಸರಿ ನಿಂತ ಮೇಲೆ ಎಸ್‌ಎಂಪಿಎಸ್ ಬೋರ್ಡಿಗೆ ಕೊಡೋ ಒಪ್ಪಿಗೆ. ಅದು ಏಳಲೇ ಇಲ್ಲ. ಪವರ್ ಗುಡ್ ಬರದಿದ್ರೆ ಬೋರ್ಡ್ ಪ್ರೊಸೆಸರನ್ನ ರೀಸೆಟ್‌ನಲ್ಲೇ ಹಿಡಿದಿಡುತ್ತೆ. ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದು ಅದಕ್ಕೆ. ಬೋರ್ಡ್ ಕೆಟ್ಟಿರಲಿಲ್ಲ. ಕೆಟ್ಟ ವೋಲ್ಟೇಜಿನಲ್ಲಿ ಕೆಲಸ ಮಾಡಲ್ಲ ಅಂತ ಸರಿಯಾಗೇ ಹಠ ಹಿಡಿದಿತ್ತು. ಅದನ್ನೇ ನಾನು ಬಿಸಾಕೋಕೆ ಹೊರಟಿದ್ದೆ.

ಪ್ಲಗ್ ಕಿತ್ತು ಮುಚ್ಚಳ ತೆಗೆದ್ರು. ನಾನು ಕೈ ಹಾಕೋಕೆ ಹೋದ್ರೆ ಕೈ ಮೇಲೆ ಒಂದು ಏಟು. 230ಕ್ಕೆ ರೂಟ್ 2 ಗುಣಿಸಿದ್ರೆ 325. ಪ್ಲಗ್ ಕಿತ್ತ ಮೇಲೂ ಅಷ್ಟು ಡಿಸಿ ವೋಲ್ಟೇಜ್ ಆ ಎರಡು ದೊಡ್ಡ ಕೆಪಾಸಿಟರಲ್ಲಿ ನಿಂತಿರಬಹುದು. ಅವರು ಒಂದು ಸಣ್ಣ ಬಲ್ಬಿನ ಹೋಲ್ಡರಿನಿಂದ ಎರಡು ವೈರ್ ತಂದು ಮುಟ್ಟಿಸಿ, ಮೀಟರಲ್ಲಿ ಸೊನ್ನೆ ನೋಡಿ, ಆಮೇಲೆ ನನಗೆ ಕೊಟ್ರು. ಔಟ್‌ಪುಟ್ ಕಡೆ ಎರಡು ಕೆಪಾಸಿಟರಿನ ತಲೆ ಉಬ್ಬಿತ್ತು. "ಇವೆರಡಕ್ಕೆ ಹೊಟ್ಟೆ ಬಂದೈತೆ ನೋಡು. ಆದ್ರೆ ಹೊಟ್ಟೆ ಬರದೇ ಇರೋವೂ ಸತ್ತಿರ್ತವೆ" ಅಂದ್ರು. ರಿಪೇರಿಗೆ ಬಂದಿದ್ದ ಒಂದು ಹೇರ್ ಡ್ರೈಯರ್ ತಗೊಂಡು ಆ ಭಾಗಕ್ಕೆ ಮಾತ್ರ ಬಿಸಿ ಗಾಳಿ ಬಿಟ್ಟು, ಅದು ಆರೋ ಮುಂಚೆ ಮತ್ತೆ ಲೋಡ್ ಹಾಕಿದ್ರು: 4.9. "ಚಳಿ ಬಿಡ್ತು" ಅಂತ ನಕ್ಕರು.

ಇದಕ್ಕೆ ನಮ್ಮ ಭಾಷೆಯಲ್ಲಿ ಹೆಸರು ಇಎಸ್‌ಆರ್. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ದ್ರವ ಇರುತ್ತೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗ್ತಾ ಹೋದ ಹಾಗೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ಚಳಿಯಲ್ಲಿ ಇನ್ನೂ ಏರುತ್ತೆ, ಬಿಸಿಯಲ್ಲಿ ಇಳಿಯುತ್ತೆ. ಬೆಳಿಗ್ಗೆ ಕಪ್ಪು, ಮಧ್ಯಾಹ್ನ ಬೆಳಕು. ರಬ್ಬರಿನ ಮಹಿಮೆ ಏನೂ ಇರಲಿಲ್ಲ.

ಅಲ್ಲಿಗೆ ಕಥೆ ಮುಗೀಲಿಲ್ಲ. ಅಲ್ಲೇ ಸಿಕ್ಕ ಸಾಮಾನ್ಯ ಕೆಪಾಸಿಟರ್ ಹಾಕಿದ್ವಿ, ಅದೇ 2200 ಮೈಕ್ರೋಫ್ಯಾರಡ್, ಅದೇ 10 ವೋಲ್ಟ್. ಕಂಪ್ಯೂಟರ್ ಬೆಳಿಗ್ಗೆ ಎದ್ದಿತು, ಆದ್ರೆ ಅರ್ಧ ಗಂಟೆಗೆ ಹ್ಯಾಂಗ್. ರಜೆ ಮುಗೀತು. ಎಸ್‌ಎಂಪಿಎಸ್ ಬ್ಯಾಗಲ್ಲಿ ಹಾಕ್ಕೊಂಡು ಕಾಲೇಜಿಗೆ ಬಂದೆ. ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಸಂಜೆ ಒಂದು ಗಂಟೆ ಆಸಿಲೋಸ್ಕೋಪ್ ಕೊಟ್ರು, ಪಕ್ಕದಲ್ಲೇ ನಿಂತ್ಕೊಂಡ್ರು ಕೂಡ. ಪ್ರೋಬ್ ಔಟ್‌ಪುಟ್ ಕಡೆ ಬಿಟ್ಟು ಮೇನ್ಸ್ ಕಡೆ ಇಟ್ರೆ ಗ್ರೌಂಡ್ ಕ್ಲಿಪ್ಪಿನಲ್ಲೇ ಶಾರ್ಟ್ ಆಗುತ್ತೆ ಅಂತ ಅವರು ಮೊದಲೇ ಎಚ್ಚರಿಸಿದ್ರು. ಸರಾಸರಿ ವೋಲ್ಟೇಜ್ 4.98, ಮೀಟರ್ ನೋಡಿದ್ರೆ ಎಲ್ಲಾ ಚೆಂದ. ಸ್ಕೋಪಲ್ಲಿ ಅದರ ಮೇಲೆ 180 ಮಿಲಿವೋಲ್ಟ್ ರಿಪಲ್ ಕುಣೀತಿತ್ತು. 5 ವೋಲ್ಟ್ ಲೈನಿಗೆ ಎಟಿಎಕ್ಸ್ ಬಿಡೋ ಮಿತಿ 50. ಸಾಮಾನ್ಯ ಕೆಪಾಸಿಟರ್ ಮೈಕ್ರೋಫ್ಯಾರಡ್‌ನಲ್ಲಿ ಸರಿ, ಇಎಸ್‌ಆರ್‌ನಲ್ಲಿ ತಪ್ಪು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಫ್ರೆಂಡ್ ಒಬ್ಬ 105 ಡಿಗ್ರಿಯ ಕಡಿಮೆ ಇಎಸ್‌ಆರ್ ಕೆಪಾಸಿಟರ್ ತಂದುಕೊಟ್ಟ. ಎಂಟಕ್ಕೆ 160 ರೂಪಾಯಿ. ಹಾಕಿದ ಮೇಲೆ ರಿಪಲ್ 35. ಕಿತ್ತ ಹಳೇದನ್ನ ಎಲ್‌ಸಿಆರ್ ಮೀಟರಿಗೆ ಇಟ್ರೆ 2200 ಇರಬೇಕಾದ್ದು 1400. ಅದು ದೊಡ್ಡ ವಿಷಯ ಅಲ್ಲ. 0.05 ಓಮ್ ಒಳಗೆ ಇರಬೇಕಾದ ಇಎಸ್‌ಆರ್ ಎರಡು ಓಮ್ ಹತ್ತಿರ ಇತ್ತು. ಮೂರನೇ ಸೆಮ್‌ನಲ್ಲಿ ನಾನು ಬರೆದ ಒಂದು ಸರ್ಕ್ಯೂಟಲ್ಲೂ ಕೆಪಾಸಿಟರಿನ ಪಕ್ಕ ಆ ರೆಸಿಸ್ಟರ್ ಇರಲಿಲ್ಲ.

ಅವು ಯಾಕೆ ಸತ್ವು ಅನ್ನೋದೂ ಲೆಕ್ಕ ಹಾಕಬಹುದು. ಇಂಥ ಕೆಪಾಸಿಟರಿಗೆ 105 ಡಿಗ್ರಿಯಲ್ಲಿ 2,000 ಗಂಟೆ ಆಯಸ್ಸು ಅಂದ್ರೆ, ಪ್ರತಿ ಹತ್ತು ಡಿಗ್ರಿ ಇಳಿದ ಹಾಗೆ ಆಯಸ್ಸು ಎರಡರಷ್ಟು ಅನ್ನೋದು ಒಂದು ಅಂದಾಜಿನ ಸೂತ್ರ. 65 ಡಿಗ್ರಿಯಲ್ಲಿ ಇಟ್ರೆ 32,000 ಗಂಟೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಅಂದ್ರೆ ಹದಿಮೂರು ವರ್ಷ. ಅದೇ 75 ಡಿಗ್ರಿ ಆದ್ರೆ ಏಳು ವರ್ಷವೂ ಇಲ್ಲ. ನಮ್ಮ ಎಸ್‌ಎಂಪಿಎಸ್ ಫ್ಯಾನಿನ ಮೇಲೆ ಕಂಬಳಿ ಹೊದಿಸಿದಷ್ಟು ಧೂಳು ಇತ್ತು. ಆ ಹತ್ತು ಡಿಗ್ರಿ ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಾಗಿಲ್ಲ. ಜೊತೆಗೆ ನಮ್ಮ ಕಡೆ ಬೇಸಿಗೆಯಲ್ಲಿ ತೋಟದ ಮೋಟರ್‌ಗಳೆಲ್ಲ ಒಟ್ಟಿಗೆ ಶುರುವಾದ್ರೆ ಮನೆಯ ಬಲ್ಬ್ ಕೆಂಪಗಾಗುತ್ತೆ. ಬಲ್ಬ್ ವೋಲ್ಟೇಜ್ ಇಳಿದ್ರೆ ಕಡಿಮೆ ಕರೆಂಟ್ ಎಳೆಯುತ್ತೆ. ಎಸ್‌ಎಂಪಿಎಸ್ ಹಾಗಲ್ಲ, ಅದಕ್ಕೆ ಅದೇ ಪವರ್ ಬೇಕು, ಹಾಗಾಗಿ ಜಾಸ್ತಿ ಕರೆಂಟ್ ಎಳೆದು ಜಾಸ್ತಿ ಬಿಸಿಯಾಗುತ್ತೆ. ಇನ್ನೊಂದು ಕಾರಣ ಆ ಕಾಲದ್ದೇ. ಸುಮಾರು 1999ರಿಂದ 2007ರವರೆಗೆ ಪ್ರಪಂಚದಾದ್ಯಂತ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ಬೇಗ ಉಬ್ಬಿ ಒಡೆದವು. ದೊಡ್ಡಪ್ಪನ ಡಬ್ಬ 2002ರದ್ದು. ನಮ್ಮದೂ ಆ ಗುಂಪಿನದ್ದೇ ಇರಬಹುದು, ಅಲ್ಲದೆಯೂ ಇರಬಹುದು.

ಇನ್ನೂ ಹಳೇ ಯಂತ್ರಗಳ ಕಥೆಯೂ ಹೀಗೇ. 1984–85ರಲ್ಲಿ ಕ್ಲಾಸ್ ಅನ್ನೋ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿದ್ವು. ನಮ್ಮ ಅಪ್ಪ ಅಮ್ಮನ ತಲೆಮಾರಿನ ಕೆಲವರು ಮೊದಲು ಕೀಬೋರ್ಡ್ ಮುಟ್ಟಿದ್ದು ಅದರಲ್ಲೇ. ಆ ಮೆಷಿನ್ನಿನ ಪವರ್ ಸಪ್ಲೈ ಒಳಗೆ ಮೇನ್ಸಿಗೆ ಅಡ್ಡ ಹಾಕಿದ ಕಾಗದದ ಕೆಪಾಸಿಟರ್ ಇರುತ್ತೆ. ವರ್ಷ ಕಳೆದ ಹಾಗೆ ಅದರ ಹೊರಗವಚ ಬಿರುಕು ಬಿಟ್ಟು ತೇವ ಒಳಗೆ ಹೋಗುತ್ತೆ. ಮೂವತ್ತು ವರ್ಷ ಆದ ಮೇಲೆ ಯಾರಾದ್ರೂ ಆಸೆಯಿಂದ ಪ್ಲಗ್ ಹಾಕಿದ್ರೆ ಪಟ್ ಅಂತ ಒಡೆದು ರೂಮೆಲ್ಲಾ ಹೊಗೆ. ಇಂಗ್ಲೆಂಡಿನಲ್ಲಿ ಈ ಯಂತ್ರ ಜೋಪಾನ ಮಾಡೋರು ಮೊದಲು ಬದಲಾಯಿಸೋದೇ ಆ ಎರಡು ರೂಪಾಯಿಯಂಥ ಸಾಮಾನನ್ನ. ಸಾಮಾನ್ಯವಾಗಿ ಮೊದಲು ಹೋಗೋದು ಚಿಪ್ ಅಲ್ಲ. ಚಿಪ್ಪಿಗೆ ಅನ್ನ ಹಾಕೋ ಜಾಗ.

ಈಗ ನನ್ನ ವಾದಕ್ಕೆ ಬರ್ತೀನಿ. ನೀವು ಹೇಳಬಹುದಾದ್ದನ್ನ ಮೊದಲು ನಾನೇ ಹೇಳ್ತೀನಿ.

ಒಂದು, "ಆರುನೂರು ರೂಪಾಯಿಗೆ ಹೊಸ ಎಸ್‌ಎಂಪಿಎಸ್ ಸಿಗುತ್ತೆ, ಯಾಕೆ ಇಷ್ಟು ಒದ್ದಾಟ?" ಸರಿ, ಒಪ್ತೀನಿ. ಹೊಸದು ಹಾಕಿದ್ರೂ ಬಹುಶಃ ಎದ್ದಿರೋದು. ಆದ್ರೆ ಗಮನಿಸಿ, ನಾನು ಹೊಸ ಎಸ್‌ಎಂಪಿಎಸ್ ಕೊಳ್ಳೋಕೆ ಹೊರಟಿರಲಿಲ್ಲ. ಅದು ಸರಿ ಇದೆ ಅಂತ ಎರಡು ಗೆರೆ ಎಳೆದು, ಸರಿ ಇದ್ದ ಮದರ್‌ಬೋರ್ಡ್ ಕಿತ್ತು 2,500 ರೂಪಾಯಿಗೆ ಇನ್ನೊಂದು ತರೋಕೆ ಹೊರಟಿದ್ದೆ. ಹೊಸ ಬೋರ್ಡೂ ಬೆಳಿಗ್ಗೆ ಕಪ್ಪಾಗೇ ಇರ್ತಿತ್ತು. ರಿಪೇರಿ ಮಾಡ್ತೀರೋ, ಬದಲಾಯಿಸ್ತೀರೋ, ಅದು ಆಮೇಲಿನ ಮಾತು. ಯಾವುದನ್ನ ಅನ್ನೋದು ಮೊದಲು ಗೊತ್ತಾಗಬೇಕಲ್ಲ?

ಎರಡು, "ಇದು ಮೆಕ್ಯಾನಿಕ್ ಕೆಲಸ, ಇಂಜಿನಿಯರ್ ಕೆಲಸ ಅಲ್ಲ." ಈ ಮಾತು ನಮ್ಮ ಕ್ಯಾಂಟೀನಲ್ಲೇ ಕೇಳಿದ್ದೀನಿ. ಸಾಬ್ರು ಮಾಡಿದ್ದನ್ನ ಇನ್ನೊಂದ್ಸಲ ನೋಡಿ. ಲಕ್ಷಣ ಕೇಳಿದ್ರು. ಒಂದು ಊಹೆ ಮಾಡಿದ್ರು. ದೋಷ ಕಾಣೋ ಪರಿಸ್ಥಿತಿಯಲ್ಲೇ ಪರೀಕ್ಷೆ ಇಟ್ಟರು. ಒಂದೇ ಪರೀಕ್ಷೆಯಲ್ಲಿ ಅರ್ಧ ಭಾಗ ಹೊರಗಿಟ್ಟರು. ಕೊನೆಗೆ ಬಿಸಿ ಗಾಳಿ ಬಿಟ್ಟು ಊಹೆ ಸರಿಯಾ ಅಂತ ಉಲ್ಟಾ ಪರೀಕ್ಷೆ ಮಾಡಿದ್ರು. ನಾನು ಮಾಡಿದ್ದೇನು? ಒಂದು ರೀಡಿಂಗ್ ತಗೊಂಡು ಗೆರೆ ಎಳೆದೆ. ಇಬ್ಬರಲ್ಲಿ ಯಾರದ್ದು ಇಂಜಿನಿಯರಿಂಗ್? ಹಾಗಂತ ಥಿಯರಿ ದಂಡ ಅಂತ ನಾನು ಹೇಳ್ತಿಲ್ಲ. ಸಾಮಾನ್ಯ ಕೆಪಾಸಿಟರ್ ಹಾಕಿದಾಗ ಯಾಕೆ ಹ್ಯಾಂಗ್ ಆಗ್ತಿದೆ ಅನ್ನೋದು ಸಾಬ್ರ ಮೀಟರಿಗೆ ಸಿಗಲಿಲ್ಲ. ಅದಕ್ಕೆ ಸ್ಕೋಪೂ ಬೇಕಾಯ್ತು, 50 ಮಿಲಿವೋಲ್ಟ್ ಅನ್ನೋ ಸ್ಪೆಸಿಫಿಕೇಷನ್ ಓದೋದೂ ಬೇಕಾಯ್ತು. ಫೋನ್ ಮಾಡಿ ರಿಪಲ್ ವಿಷಯ ಹೇಳಿದಾಗ ಅವರು "ಓ, ಅದಕ್ಕೇ ಕೆಲವು ಟಿವಿ ವಾಪಸ್ ಬರ್ತಿದ್ವು" ಅಂದ್ರು. ಅವರ ಹತ್ರ ಇದ್ದದ್ದು ನನ್ನ ಹತ್ರ ಇರಲಿಲ್ಲ, ನನ್ನ ಹತ್ರ ಇದ್ದದ್ದು ಅವರ ಹತ್ರ ಇರಲಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಬರೋ ಜಾಗ ಎಲ್ಲೂ ಇಲ್ಲ ಅನ್ನೋದೇ ನನ್ನ ತಕರಾರು.

ಮೂರು, "ಡೇಂಜರ್." ನಿಜ, ಡೇಂಜರ್. ಅದಕ್ಕೇ ಕಲಿಸಬೇಕು ಅಂತ ಹೇಳ್ತಿರೋದು. ಕಲಿಸದೇ ಇದ್ರೆ ಹುಡುಗರು ವಿಡಿಯೋ ನೋಡ್ಕೊಂಡು ಹಾಸ್ಟೆಲ್ ರೂಮಲ್ಲಿ ಒಬ್ಬರೇ ಬಿಚ್ತಾರೆ. ನಾನೂ ಅಟ್ಟದ ಕೆಳಗೆ ಒಬ್ಬನೇ ಬಿಚ್ಚೋನಿದ್ದೆ. 325 ವೋಲ್ಟ್ ಲೆಕ್ಕ ಗೊತ್ತಿತ್ತು, ಪ್ಲಗ್ ಕಿತ್ತ ಮೇಲೂ ಅದು ಅಲ್ಲಿರುತ್ತೆ ಅನ್ನೋದು ಕೈಗೆ ಗೊತ್ತಿರಲಿಲ್ಲ.

ಭಾಷೆ ಬಗ್ಗೆ ಒಂದು ಮಾತು. ಚಳಿ ಆಗ್ತೈತೆ, ಹೊಟ್ಟೆ ಬಂದೈತೆ, ಸುಳ್ಳು ಹೇಳುತ್ತೆ. ಇವು ತಮಾಷೆ ಮಾತಲ್ಲ. ಒಂದೊಂದೂ ಒಂದೊಂದು ಡಯಾಗ್ನಸಿಸ್. ಇಎಸ್‌ಆರ್ ಅಂತ ಇಂಗ್ಲಿಷ್‌ನಲ್ಲಿ ಓದಿದ್ರೆ ನನಗೆ ಒಂದು ಫಾರ್ಮುಲಾ ನೆನಪಾಗುತ್ತಿತ್ತು. "ಚಳಿ ಆಗ್ತೈತೆ" ಅಂದಾಗ ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸ ತಟ್ಟನೆ ಅರ್ಥ ಆಯ್ತು. ಈ ಮಾತುಗಳನ್ನ ಯಾರೂ ಬರೆದಿಟ್ಟಿಲ್ಲ. ಸಾಬ್ರ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಾನೆ, ಅಂಗಡಿ ಅವರ ಕಾಲಕ್ಕೇ ಕೊನೆ. ಅಜ್ಜಿಯ ಪದಗಳಾದ್ರೂ ಒಂದು ಹಾರ್ಡ್ ಡಿಸ್ಕಿನಲ್ಲಿ ಇದ್ವು. ಇವು ಅದರಲ್ಲೂ ಇಲ್ಲ.

ಹಾಗಾದ್ರೆ ಏನು ಮಾಡೋಣ? ದೊಡ್ಡದೇನೂ ಕೇಳ್ತಿಲ್ಲ. ಸಿಲಬಸ್ ನಮ್ಮ ಕೈಯಲ್ಲಿಲ್ಲ. ಆದ್ರೆ ಕನ್ನಡ ಸಂಘ ನಮ್ಮದು. ತಿಂಗಳಿಗೆ ಒಂದು ಶನಿವಾರ ಕೆಟ್ಟ ಸಾಮಾನಿನ ದಿನ ಅಂತ ಮಾಡೋಣ. ಸ್ಟೋರ್ ರೂಮಲ್ಲಿ ಧೂಳು ತಿನ್ನುತ್ತಿರೋ ಎಸ್‌ಎಂಪಿಎಸ್, ಮಾನಿಟರ್, ಚಾರ್ಜರ್ ತರೋಣ. ಪಕ್ಕದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಇರಲಿ, ಒಂದು ಸೀರೀಸ್ ಬೋರ್ಡ್ ಇರಲಿ, ಊರಿನ ಒಬ್ಬ ಮೆಕ್ಯಾನಿಕ್‌ರನ್ನ ಗೌರವಧನ ಕೊಟ್ಟು ಅತಿಥಿ ಅಂತ ಕರೆಯೋಣ. ಹಾರ ಶಾಲು ಆಮೇಲೆ, ಮೊದಲು ಕುರ್ಚಿ ಹಾಕಿ ಅವರ ಕೆಲಸ ನೋಡೋಣ. ರಿಪೇರಿ ಆಗಲೇಬೇಕು ಅಂತಿಲ್ಲ. ಯಾಕೆ ಕೆಟ್ಟಿದೆ ಅನ್ನೋದನ್ನ ಒಂದು ಪುಟ ಕನ್ನಡದಲ್ಲಿ ಬರೆದು ಈ ಪತ್ರಿಕೆಯಲ್ಲಿ ಹಾಕೋಣ, ಅವರು ಬಳಸಿದ ಮಾತುಗಳ ಸಮೇತ. ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಹಕ್ಕು ಬಂದ್ರೂ ರಿಪೇರಿ ಮಾಡೋ ಕೈ ಬೇಕಲ್ಲ.

ಶಿವರಾತ್ರಿಗೆ ಊರಿಗೆ ಹೋದಾಗ ಎಸ್‌ಎಂಪಿಎಸ್ ವಾಪಸ್ ಕೂರಿಸಿದೆ. ಬೆಳಿಗ್ಗೆ ಏಳಕ್ಕೇ ಬಟನ್ ಒತ್ತಿದೆ, ಬೇಕಂತಲೇ. ಒಂದು ಬೀಪ್. ವಿಂಡೋಸ್ 98ರ ಮೋಡದ ಚಿತ್ರ ಬಂತು. ದೊಡ್ಡಪ್ಪ ಬಂದು ಸ್ಟೂಲ್ ಮೇಲೆ ಕೂತ್ರು. ಪಾಸ್‌ವರ್ಡ್ ಅವರ ಬೆರಳಿಗೇ ನೆನಪಿತ್ತು. ಲಾಕ್ ಸಿಕ್ಕಿಸಿ ಫೈಲ್ ತೆಗೆದ್ವಿ. ಮೊದಲನೇ ಪುಟದಲ್ಲಿ ಅಜ್ಜಿ ಹೆಸರು, ಕೆಳಗೆ ಪದ. ದೊಡ್ಡಪ್ಪ ಎರಡು ಪುಟ ಜೋರಾಗಿ ಓದಿದ್ರು. ಮೂರನೇ ಪುಟದಲ್ಲಿ ದನಿ ನಿಂತಿತು, "ನೀನೇ ಓದಪ್ಪ" ಅಂದ್ರು. ನಾನು ಓದಿದೆ, ತಡವರಿಸ್ಕೊಂಡು, ಒತ್ತಕ್ಷರ ತಪ್ಪಿಸ್ಕೊಂಡು. ಅವರು ತಿದ್ದುತ್ತಾ ಹೋದ್ರು.

ಈಗ ಅದನ್ನ ಟೆಕ್ಸ್ಟ್ ಆಗಿ ಹೊರಗೆ ತಂದು ಯೂನಿಕೋಡಿಗೆ ಬದಲಾಯಿಸ್ತಿದ್ದೀನಿ. ಅರ್ಕಾವೊತ್ತು ಎಲ್ಲಾ ತಪ್ಪು ಜಾಗದಲ್ಲಿ ಬಂದು ಕೂರ್ತಿದೆ. ಹತ್ತೊಂಬತ್ತು ಪುಟ ಮುಗಿದಿದೆ. ಕನ್ನಡ ಸರಿ ಬರೋರು ಯಾರಾದ್ರೂ ಸಂಜೆ ಬಿಡುವಿದ್ರೆ ಬನ್ನಿ, ಟೀ ನನ್ನದು.

ಕೊನೆಗೆ ಒಂದು. ನಿಮ್ಮ ಮನೆ ಅಟ್ಟದಲ್ಲೂ ಇಂಥ ಡಬ್ಬ ಇರಬಹುದು. ಮುಂದಿನ ರಜೆಯಲ್ಲಿ ಇಳಿಸಿ. ಆದ್ರೆ ಆಸೆ ತಡ್ಕೊಂಡು, ಪ್ಲಗ್ ಮಾತ್ರ ಹಾಕಬೇಡಿ. ಮೊದಲು ಡಿಸ್ಕ್ ಬಿಚ್ಚಿ ಕಾಪಿ ಮಾಡಿ. ಆಮೇಲೆ ಪವರ್ ಸಪ್ಲೈ ಒಂದನ್ನೇ ಹೊರಗೆ ತೆಗೆದು, ಗೊತ್ತಿರೋರ ಪಕ್ಕದಲ್ಲಿ ಸೀರೀಸ್ ಬಲ್ಬಿಗೆ ಹಾಕಿ. ಮೀಟರ್ 5.02 ತೋರಿಸಿದ್ರೆ ನನ್ನ ಹಾಗೆ ಗೆರೆ ಎಳೀಬೇಡಿ. ಲೋಡ್ ಹಾಕಿ ನೋಡಿ.